ಬ್ಲೇಡಾದ ಹಡಗು

ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಮೆರಿಕನ್ ಮುದುಕನ ಗಡ್ಡ ಎಷ್ಟು ಅನ್‌ಟೈಡಿ ಎಂದರೆ, ನಾನು ಓದಿದ ಕಾನ್ವೆಂಟಿನ ಮದರ್ ಕಂಡಿದ್ದರೆ ಗೇಟಿನಲ್ಲೇ ತಡೆಯುತ್ತಿದ್ದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಆತ ನೌಕಾಪಡೆಯ ಸರಕುಹಡಗಿನಲ್ಲಿದ್ದನಂತೆ. ಬೇರೆಯವರು ಬಾಂಬು, ಟಾರ್ಪಿಡೊ ಎಂದು ಕೊಚ್ಚಿಕೊಂಡರೆ ಈತನದು ಪೆಸಿಫಿಕ್ ದ್ವೀಪಗಳಿಗೆ ಆಲೂಗಡ್ಡೆ, ಟಾಯ್ಲೆಟ್ ಪೇಪರ್ ಸಾಗಿಸಿದ ಪ್ರತಾಪ!

"ಆಲೂಗಡ್ಡೆ ಅಡ್ಮಿರಲ್ ಬಂದ್ರು ಕಣೇ, ಬಾಗಿಲು ಹಾಕು," ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಕೊನೆಗೆ ಆ ಹಡಗನ್ನು ಕೆರ್ನಿಯ ಹಡಗುಕಟ್ಟೆಯಲ್ಲಿ ಒಡೆದು ಗುಜರಿಗೆ ಹಾಕಿದರು. "ಷಿ ಈಸ್ ರೇಜರ್ ಬ್ಲೇಡ್ಸ್ ನೌ," ಎನ್ನುತ್ತ ಆತ ಗಡ್ಡ ನೀವಿಕೊಳ್ಳುತ್ತಿದ್ದ. ಆತನಿಗೆ ಹಡಗೆಂದರೆ 'ಅವಳು'; ಬ್ಲೇಡಾದ ಅವಳನ್ನು ಮುಖಕ್ಕೆ ತಾಗಿಸಿಕೊಳ್ಳುವುದಿಲ್ಲವೆಂಬ ಹಟ.

ಷೇರು ಮಾರ್ಕೆಟ್ ಬಿದ್ದ ವರ್ಷ ಆತನ ಸೇವಿಂಗ್ಸ್ ಕರಗಿತು. ಎಂಬತ್ತು ದಾಟಿದ ಮೇಲೆ, ಅಂಗಡಿಯೊಂದರ ಬಾಗಿಲಲ್ಲಿ ನಿಂತು ಗಿರಾಕಿಗಳಿಗೆ ಹಲೋ ಹೇಳುವ ಕೆಲಸ ಕೇಳಲು ಹೋದ. ಹಾಲುಗಲ್ಲದ ಮ್ಯಾನೇಜರ್ ಗಡ್ಡ ಬೋಳಿಸಿದರೆ ಮಾತ್ರ ಕೆಲಸ ಎಂದನಂತೆ.

"ಹೋಗೋದು ಕೂದಲು ತಾನೇ, ತಲೆ ಅಲ್ಲವಲ್ಲ," ಎಂದು ನಾನೂ ಹಂಗಿಸಿದೆ.

ಸೋಮವಾರ ಬೆಳಿಗ್ಗೆ ಆತ ಡ್ರೈವ್‌ವೇಯಲ್ಲಿ ಸಿಕ್ಕ. ನುಣ್ಣನೆಯ ಕೆನ್ನೆ, ಗದ್ದಕ್ಕೆ ಅಂಟಿಸಿದ ಟಿಶ್ಯೂ ಚೂರಿನಲ್ಲಿ ರಕ್ತ.

"ಇಡೀ ಯುದ್ಧದಲ್ಲಿ ಅವಳು ಒಬ್ಬರಿಗೂ ಗಾಯ ಮಾಡಿರಲಿಲ್ಲ, ಯಂಗ್ ಲೇಡಿ," ಎಂದ. "ಇವತ್ತು ನಾನು ಅವಳ ಕೈಗೆ ಸಿಕ್ಕಿದೆ."