ಆಯುಧಪೂಜೆಯಂದು ಮಲಗದ ಯಂತ್ರ

ನಮ್ಮ ಮನೆಯಲ್ಲಿ ಬೆಳಗಿನ ಮೊದಲ ಪ್ರಶ್ನೆ "ಎಷ್ಟೊತ್ಗೆ ಎದ್ದೆಲಾ?" ಎಂಬುದು, ಅದಕ್ಕೆ ನಿಜ ಹೇಳಿದವರನ್ನು ನಾನಂತೂ ಕಂಡಿಲ್ಲ. ಏಳು ಗಂಟೆಗೆ ಕಣ್ಣುಜ್ಜುತ್ತ ಬಂದು ಬ್ರಾಹ್ಮೀ ಮುಹೂರ್ತದ ಕಥೆ ಕಟ್ಟುವುದರಲ್ಲಿ ನಾನೂ ಪಾರಂಗತನೇ. ಹೀಗಿರುವಾಗ, ಕೇಳಿದೊಡನೆ ತಾನು ಎದ್ದ ಹೊತ್ತನ್ನು ಚಾಚೂ ತಪ್ಪದೆ ಒಪ್ಪಿಸುವ ಜೀವಿಯೊಂದನ್ನು, ಅಲ್ಲ, ನಿರ್ಜೀವಿಯೊಂದನ್ನು ಕಂಡು ಬೆರಗಾದ ಸಂಗತಿಯನ್ನು ನಿಮಗೆ ಹೇಳಲೇಬೇಕು.

ತೊಂಬತ್ತರ ದಶಕದ ನಡುವೆ ತಮಿಳುನಾಡಿನ ಸೇಲಂನಲ್ಲಿ, ಕನ್ನಡ ಮಾತಾಡುವ ನಮ್ಮ ನೇಕಾರರ ಕೇರಿಯ ಒಂದು ಜವಳಿ ಕಚೇರಿಯಲ್ಲಿ ನಾನು ಹಂಗಾಮಿ ಗುಮಾಸ್ತ. ಸೀರೆಯಂಚಿನ ನಮೂನೆಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಕಂಪ್ಯೂಟರನ್ನು ಎಂದೂ ಆರಿಸಬಾರದೆಂಬುದು ಮ್ಯಾನೇಜರರ ಕಟ್ಟಪ್ಪಣೆ; ಆಯುಧಪೂಜೆಯಂದು ಯಾವ ಉಪಕರಣವನ್ನೂ ದುಡಿಸಬಾರದೆಂಬುದು ಮಗ್ಗದ ಮೇಲೆಯೇ ಬಾಳು ಸವೆಸಿದ ನನ್ನಪ್ಪನ ಕಟ್ಟಪ್ಪಣೆ. ಅಪ್ಪನೇ ಗೆದ್ದ. ಕುಂಕುಮವಿಟ್ಟು, ಹೂ ಏರಿಸಿ, ಗುಟ್ಟಾಗಿ ಗುಂಡಿಯೊತ್ತಿದೆ, ಪರದೆ ಕಪ್ಪಾಯಿತು. ಮರುದಿನ ಮತ್ತೆ ಒತ್ತಿದೆ, ಬೆಳಗಿತು.

ಎರಡೇ ವಾರದಲ್ಲಿ ಅರ್ಧ ನಮೂನೆಗಳು ಮಾಯ.

"ಪೂಜೆ ದಿನ ಆಫ್ ಮಾಡ್ದೋನು ನೀನೇ ತಾನೆ? ಇಂಜಿನಿಯರ್ ಬಂದು ಊಂ ಅನ್ಲಿ, ಇವತ್ತೇ ಮನೆಗೆ ಓಗು!" ಎಂದು ಮ್ಯಾನೇಜರರು ಗುಡುಗಿದರು. ಆರಿಸಿದವನು ನಾನೇ ಆದ್ದರಿಂದ ಊಟದ ಡಬ್ಬಿಯನ್ನು ಆಗಲೇ ಚೀಲಕ್ಕಿಳಿಸಿದೆ. ಮದರಾಸಿನಿಂದ ಬಂದ ಎಂಜಿನಿಯರು ಒಂದೇ ಒಂದು ಪದ ಬೆರಳಚ್ಚಿಸಿದರು. ಯಂತ್ರ ಉತ್ತರಿಸಿತು: ತಾನು ಎದ್ದು ನಲವತ್ತಮೂರು ದಿನ. ನಡುವೆ ಅದು ಆರಿಯೇ ಇಲ್ಲ, ಕೆಟ್ಟದ್ದು ಡಿಸ್ಕು ಎಂದು ಅವರು ತಮಿಳಿನಲ್ಲಿ ತೀರ್ಪಿತ್ತರು. ಅಂದರೆ ನಾನು ಪರದೆಯನ್ನಷ್ಟೇ ಆರಿಸಿ, ಯಂತ್ರವೇ ಮಲಗಿತೆಂದು ನಂಬಿ ಕೈಮುಗಿದಿದ್ದೆ!

ನನ್ನ ಅಜ್ಞಾನವೇ ನನ್ನ ಅನ್ನ ಉಳಿಸಿತ್ತು. ಕರೆಂಟು ಹೋದಾಗ ಬ್ಯಾಟರಿಯ ಗುಟುಕು ಕುಡಿದು, ನಾನು ಕಣ್ಣು ಕಟ್ಟಿದಾಗಲೂ ಒಳಗೊಳಗೇ ಕ್ಷಣಗಳನ್ನೆಣಿಸುತ್ತ ಕೂತಿದ್ದ ಅದು, ತನ್ನನ್ನು ಮಲಗಿಸಹೊರಟವನ ಪರವಾಗಿಯೇ ಸಾಕ್ಷಿ ನುಡಿದಿತ್ತು.

ಮನೆಗೆ ಬಂದು ಅಪ್ಪನಿಗೆ ನಿಜ ಹೇಳಿ, ಬೈಗುಳಕ್ಕೆ ತಲೆಯೊಡ್ಡಿ ನಿಂತೆ. ಅಪ್ಪ ಕೈಯಲ್ಲಿದ್ದ ಲಾಳಿ ಕೆಳಗಿಟ್ಟ.

"ನಲವತ್ಮೂರು ದಿನ ಎದ್ದೇ ಐತಾ? ಅಯ್ಯೋ, ಪಾವಂ! ಅಬ್ಬದ್ ದಿನಾನೂ ಮಲಗ್ದೆ ನಿನ್ ಕೆಲ್ಸ ಉಳ್ಸೈತೆ. ಓಗಿ, ಮ್ಯಾನೇಜರ್‌ನ ಕೇಳ್ಕೊಂಡು ಒಂದ್ ಗಳಿಗೆ ಮಲಗ್ಸಿ ಬಾರ್ಲಾ."

ಹೊಸ ಡಿಸ್ಕು ಹಾಕುವ ದಿನ ಅದನ್ನು ನಿಜವಾಗಿಯೂ ಆರಿಸಿದರು. ಅದರ ಗುಂಯ್ ಸದ್ದು ನಿಂತಾಗ, ನಮ್ಮ ಕಚೇರಿ ಇಷ್ಟು ನಿಶ್ಶಬ್ದವಾಗಿ ಇರಬಲ್ಲದೆಂದು ಮೊದಲ ಬಾರಿ ತಿಳಿಯಿತು. ಮತ್ತೆ ಎದ್ದಮೇಲೆ ಆ ಪದವನ್ನು ನಾನೇ ಬೆರಳಚ್ಚಿಸಿ ಕೇಳಿದೆ. ಎದ್ದು ಒಂದು ನಿಮಿಷ, ಎಂದಿತು, ಯಾವ ಸಂಕೋಚವೂ ಇಲ್ಲದೆ.

ಮರುದಿನ ಕಣ್ಣುಜ್ಜುತ್ತ ಬಂದವನನ್ನು ಅಪ್ಪ ಎಂದಿನಂತೆ ಕೇಳಿದ: "ಎಷ್ಟೊತ್ಗೆ ಎದ್ದೆಲಾ?"

"ಈಗ್ಲೇ ಅಪ್ಪ," ಎಂದೆ, "ಒಂದ್ ನಿಮ್ಸ ಆಯ್ತು."