ನಸ್ಸೂನಾ ಬರೆಯದ ಒಂದು ಸಾಲು

ಗೆದ್ದಲು ಹತ್ತದಿರಲೆಂದು ಕಪಾಟಿನ ಕಾಲಿಗೆ ಬಳಿದ ಸೀಮೆಎಣ್ಣೆಯ ವಾಸನೆ ಬಂದರೆ ಎಡಿಸಾ ನಸ್ಸೂನಾಗೆ ಅಪ್ಪನ ನೆನಪಾಗುತ್ತದೆ. ಅವರೂ ಗುಮಾಸ್ತರೇ. ಪುಟ್ಟ ಮಗಳನ್ನು ಮೇಜಿನ ಕೆಳಗೆ ಕೂರಿಸಿಕೊಂಡು ಬರೆಯುತ್ತಿದ್ದರು. ಐವತ್ತೊಂಬತ್ತು ತುಂಬಿದ ಆ ಮಗಳು ಈಗ ಬೆಳಗಿನ ಆರೂವರೆಗೆಲ್ಲ ಉಗಾಂಡದ ನಕಿಟೆರೆ ಮಂಡಳಿ ಕಚೇರಿಯ ಬಾಗಿಲು ತೆಗೆದು, ಅದೇ ಎಣ್ಣೆಯಲ್ಲಿ ಚಿಂದಿ ಅದ್ದುತ್ತಾರೆ. ಕಪಾಟಿನಲ್ಲಿ ಇಪ್ಪತ್ತೆಂಟು ವರ್ಷಗಳ ನಡಾವಳಿ ಪುಸ್ತಕಗಳಿವೆ. ನಲವತ್ತೊಂದು ಪುಸ್ತಕ, ಒಂದೇ ಕೈಬರಹ.

ಸಭೆಯಲ್ಲಿ ಸದಸ್ಯರು ಆಡಿದ್ದನ್ನು ಬರೆಯುವುದು ಅವರ ಕೆಲಸ. ಆಡಿದ್ದು ಬೇಡವಾದಾಗ ಸದಸ್ಯರು ಬರುವುದೂ ಅವರ ಹತ್ತಿರವೇ. "ತಿಂಗಳಿಗೆ ಆರೇಳು ಜನ ಬರ್ತಾರೆ. ಒಬ್ರು ಬೈದಿದ್ದನ್ನ ತೆಗೀರಿ ಅಂತಾರೆ, ಇನ್ನೊಬ್ರು ನಿದ್ದೆ ಮಾಡಿದ್ದನ್ನ. ನಿದ್ದೆ ಬರೆಯೋದೇ ಇಲ್ಲ ಅಂದ್ರೆ ಎಷ್ಟು ಖುಷಿ ಪಡ್ತಾರೆ, ಪಾಪ."

ಸದಸ್ಯರ ನೀತಿ ನಿಯತ್ತು ಹೇಗೆ ಎಂದು ಕೇಳಿದರೆ ನಸ್ಸೂನಾ ಕನ್ನಡಕ ಒರೆಸಿಕೊಳ್ಳುತ್ತಾರೆ. "ಕೆಟ್ಟವರು ಅನ್ನಕ್ಕಾಗಲ್ಲ. ಮಾಡ್ತೀನಿ ಅಂದಿದ್ದನ್ನ ಮಾಡಿಯಾಯ್ತು ಅಂದ್ಕೊಂಬಿಡ್ತಾರೆ. ಕಚೇರಿಯವರು ನಾವೇನು ಕಮ್ಮಿ? ನೋಡಿಯೂ ನೋಡದ ಹಾಗೆ ಚಹಾ ಕುಡೀತೀವಿ."

ಹೋದ ಸೋಮವಾರ ಬಂದವರು ಸದಸ್ಯ ಕಟೆರೆಗಾ. ಗುಡ್ಡದ ಮೇಲಿನ ಹೊಸ ಕೊಳವೆಬಾವಿಯನ್ನು ಶನಿವಾರ ತಾವು ಪರಿಶೀಲಿಸಿದ್ದಾಗಿ, ಅದರಲ್ಲಿ ನೀರಿದೆ ಎಂದು ನಡಾವಳಿಯಲ್ಲಿ ಒಂದು ಸಾಲು ಬೇಕಿತ್ತು. ಆ ಸಾಲು ಬಿದ್ದರೆ ನೀರು ಬರಲಿ ಬಿಡಲಿ, ಗುತ್ತಿಗೆದಾರ ಪಾರು. ಆದರೆ ಶನಿವಾರ ಕಟೆರೆಗಾ ಒಂದು ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯ ವಕ್ತಾರರಾಗಿ ಬೆಳಗಿನಿಂದ ಸಂಜೆಯವರೆಗೆ ಮೈಕು ಹಿಡಿದಿದ್ದರು. ಗಂಡಿನ ಪರವಾಗಿ, ವಾಡಿಕೆಯಂತೆ ಮಂಡಿಯೂರಿ ಅವರು ಬೇಡಿಕೊಳ್ಳುತ್ತಿದ್ದ ಹುಡುಗಿಯ ಸೋದರತ್ತೆಯೇ ನಸ್ಸೂನಾ.

"ಈಗ ನಾವು ಬೀಗರು, ಅತ್ತೆ. ಒಂದೇ ಸಾಲು."

"ಬೀಗರೇ, ಇಡೀ ದಿನ ನನ್ನೆದುರು ಮಂಡಿಯೂರಿದ್ರಲ್ಲ. ಗುಡ್ಡ ಹತ್ತಿದ್ದು ಯಾವಾಗ?"

"ನಡುವೆ ಒಂದ್ಸಲ ಎದ್ದು ಹೋಗಿದ್ದೆ."

"ಅದು ಪಾಯಿಖಾನೆಗೆ. ಮೈಕು ಜೇಬಲ್ಲೇ ಇತ್ತು. ಎಲ್ರಿಗೂ ಕೇಳಿಸ್ತು."

ಕಟೆರೆಗಾ ಗಂಟಲು ಸರಿಮಾಡಿಕೊಂಡರು. "ಸರೋವರದ ನಡುಗಡ್ಡೆ ಕಚೇರಿಗೆ ಗುಮಾಸ್ತರು ಬೇಕಂತೆ."

ನಿವೃತ್ತಿಗೆ ಉಳಿದಿರುವುದು ಹನ್ನೊಂದು ತಿಂಗಳು. ನಸ್ಸೂನಾ ಹುಟ್ಟಿದಾಗಿನಿಂದ ದೋಣಿ ಹತ್ತಿದವರಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು. ಕೊನೆಗೆ ಪುಸ್ತಕ ಮುಚ್ಚಿ ಟೈಪ್‌ರೈಟರ್ ಎಳೆದುಕೊಂಡರು.

"ವರ್ಗಾವಣೆ ಪತ್ರಾನೂ ನಾನೇ ಹೊಡೀಬೇಕಲ್ಲ. ಕಾರಣ ಏನಂತ ಹಾಕ್ಲಿ?"

"ಕಾರಣ ಏನೂ ಬೇಡ. ಈಗ್ಲೇ ಹೋಗಿ ಬಾವಿ ನೋಡ್ತೀನಿ." ಕಟೆರೆಗಾ ಎದ್ದು, ಬಾಡಿಗೆ ಬೈಕು ಹತ್ತಿ ಗುಡ್ಡದ ಕಡೆ ಹೋದರು.

ಮರಳಿದ್ದು ಮೂರು ಗಂಟೆಗೆ. ಮೊಣಕಾಲಿನವರೆಗೆ ಕೆಂಪು ಕೆಸರು, ಅಂಗೈಯಲ್ಲಿ ಬೊಬ್ಬೆ. "ಗುಡ್ಡದ ಹೆಂಗಸರು ಇನ್ನೂರು ಸಲ ಪಂಪು ಒತ್ತಿಸಿದ್ರು, ಅತ್ತೆ. ಒಂದು ಕಪ್ಪೆ ಬಂತು."

ನಸ್ಸೂನಾ ಬರೆದು ಓದಿ ಹೇಳಿದರು: "ಸೋಮವಾರ ಪರಿಶೀಲಿಸಿದರು. ನೀರಿಲ್ಲ."

"ಕಪ್ಪೆ ಬೇಡ."

"ಬರ್ದಿಲ್ಲ. ನಡುಗಡ್ಡೆ ಪತ್ರ?"

ಕಟೆರೆಗಾ ಬೇಡವೆಂದು ತಲೆಯಾಡಿಸಿ, ಬೆಂಚಿನ ಮೇಲೆ ಕುಸಿದು ಕೂತರು. ನಸ್ಸೂನಾ ಅವರಿಗೆ ಕೈತೊಳೆಯಲು ನೀರು ಹಾಕಿದರು. ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಗೊಜ್ಜು ಇದ್ದ ತಮ್ಮ ಬಾಳೆಎಲೆಯ ಪೊಟ್ಟಣ ಬಿಚ್ಚಿ, ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ಅವರ ಮುಂದಿಟ್ಟರು.