ಅಪ್ಪನ ಐವತ್ತು ಪರ್ಸೆಂಟ್

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ಮೊದಲನೆಯವಳು ನಾನು, ಗಂಡು ಹೆಣ್ಣು ಎಲ್ಲರನ್ನೂ ಸೇರಿಸಿ. ಇಂಗ್ಲಿಷ್ ಪೇಪರಿನಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾದ ಬಿ.ಕಾಂ. ಅದನ್ನು ಮುಚ್ಚಿಡುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ. ಹಾಗೆ ನೋಡಿದರೆ ನಮ್ಮ ಬೀದಿಯಲ್ಲಿ ಮೊದಲು ಕಾರು ಓಡಿಸಿದ ಹೆಂಗಸೂ ನಾನೇ. ಇಂದಿರಾನಗರದ ಆಫೀಸಿನಲ್ಲಿ ಕೆಲಸ ಸಿಕ್ಕಿದ ವರ್ಷವೇ ಲೈಸೆನ್ಸ್ ಮಾಡಿಸಿದೆ.

ಕಾರು ಮಾತ್ರ ಅಪ್ಪನದು. ಕೆ.ಆರ್.ಪುರದ ಆಚೆ ನಮ್ಮ ಹೊಲದ ಒಂದು ಮೂಲೆ ಲೇಔಟಿಗೆ ಹೋದಾಗ ಅಪ್ಪ ಬಿಳಿ ಮಾರುತಿ ತಂದಿದ್ದ. ಅದನ್ನು ಎತ್ತಿನ ಗಾಡಿಯಷ್ಟೇ ನಿಧಾನವಾಗಿ ಓಡಿಸುತ್ತಿದ್ದ. ಹಿಂದಿನವರು ಹಾರ್ನ್ ಹೊಡೆದರೆ ಕೈ ಹೊರಗೆ ಹಾಕಿ, ಮೊದಲು ನೀವು ಹೋಗಿ ಎಂದು ದಾರಿ ತೋರಿಸುತ್ತಿದ್ದ.

ಅಪ್ಪ ಓದಿದ್ದು ನಾಲ್ಕನೇ ಕ್ಲಾಸು. ಇನ್ಶೂರೆನ್ಸ್ ಕಾಗದದಲ್ಲಿ ಅವನಿಗೆ ಗುರುತು ಸಿಗುತ್ತಿದ್ದದ್ದು ಒಂದೇ ಸಾಲು, ನೋ ಕ್ಲೇಮ್ ಬೋನಸ್. ವರ್ಷವಿಡೀ ಕಂಪನಿಯ ಹತ್ತಿರ ರಿಪೇರಿಯ ಹಣ ಕೇಳದೆ ಇದ್ದರೆ ಮುಂದಿನ ವರ್ಷದ ಕಂತಿನಲ್ಲಿ ಕೊಡುವ ರಿಯಾಯಿತಿ ಅದು. ಇಪ್ಪತ್ತರಿಂದ ಶುರುವಾಗಿ ವರ್ಷವರ್ಷವೂ ಏರುತ್ತಾ ಐವತ್ತಕ್ಕೆ ಬಂದು ನಿಂತಿತ್ತು. ಅದಕ್ಕಿಂತ ಮೇಲೆ ಇಲ್ಲ. ಅಪ್ಪನ ಲೆಕ್ಕದಲ್ಲಿ ಅದು ಒಳ್ಳೆಯ ನಡತೆಗೆ ಸಿಗುವ ಮಾರ್ಕ್ಸು. ಮನೆಗೆ ಬಂದ ನೆಂಟರಿಗೆ ನನ್ನ ಮಾರ್ಕ್ಸ್ ಕಾರ್ಡಿನ ಜೊತೆಯಲ್ಲೇ ಅದನ್ನೂ ತೋರಿಸುತ್ತಿದ್ದ. ಗೇಟಿಗೆ ತಾಗಿ ಬಾಗಿಲು ಜಜ್ಜಿದಾಗಲೂ ಕ್ಲೇಮ್ ಮಾಡಲಿಲ್ಲ. ಕೈಯಿಂದಲೇ ಹಣ ಕೊಟ್ಟು ಶಿವಾಜಿನಗರದ ಟಿಂಕರ್ ಹತ್ತಿರ ಸರಿ ಮಾಡಿಸಿದ. ಆ ಟಿಂಕರ್ ಸುತ್ತಿಗೆ ಕೆಳಗಿಟ್ಟು ಕೇಳಿದ್ದ: "ಇನ್ಶೂರೆನ್ಸ್ ಇಟ್ಕೊಂಡು ಏನ್ ಮಾಡ್ತೀರ ಚಾಚಾ, ಉಪ್ಪಿನಕಾಯಿ ಹಾಕ್ತೀರಾ?"

ಆ ವರ್ಷ ರಿನೀವಲ್‌ಗೆ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಟ್ರಾಫಿಕ್ ಪೊಲೀಸರ ನೋಟೀಸು ಅಂಚೆಯಲ್ಲಿ ಬಂತು, ಗಾಡಿ ಮಾಲೀಕನಾದ ಅಪ್ಪನ ಹೆಸರಿಗೆ. ಹಲಸೂರಿನಲ್ಲಿ ಕೆಂಪು ಸಿಗ್ನಲ್ ದಾಟಿದ್ದೀರಿ, ದಂಡ ಕಟ್ಟಿ ಎಂದು ಕನ್ನಡದಲ್ಲೇ ಇತ್ತು. ಅಪ್ಪ ಬೆರಳಿಟ್ಟು ಎರಡು ಸಲ ಓದಿದ.

"ಆವತ್ತು ನಾನು ಹೊಸಕೋಟೆ ಮದುವೇಲಿ ಊಟಕ್ಕೆ ಕೂತಿದ್ದೆ. ಗಾಡಿ ತಾನಾಗೇ ಹಲಸೂರಿಗೆ ಹೋಗಿತ್ತಾ?"

"ನಾನು ಕಣಪ್ಪ," ಎಂದೆ.

ಆವತ್ತು ಅತ್ತೆಯನ್ನು, ಅಂದರೆ ಅಪ್ಪನ ಅಕ್ಕನನ್ನು, ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಿಡಲು ಹೋಗಿದ್ದೆ. ಯಾತ್ರೆಯ ಗುಂಪು ಅಲ್ಲಿ ಕಾಯುತ್ತಿತ್ತು. ಅತ್ತೆ ಉಪ್ಪಿನಕಾಯಿ ಡಬ್ಬಿ ಮರೆತು ಅರ್ಧ ದಾರಿಯಿಂದ ವಾಪಸು ಬಂದಿದ್ದರಿಂದ ತಡವಾಗಿತ್ತು. ಹಲಸೂರಿನ ಸಿಗ್ನಲ್ಲಿನಲ್ಲಿ ಹಳದಿ ಬಿತ್ತು. ಅತ್ತೆ ಹಿಂದಿನಿಂದ, "ನಡಿಯೇ ನಡಿ, ದೇವರ ಕೆಲಸಕ್ಕೆ ಹೋಗ್ತಿದೀವಿ," ಎಂದರು. ನಾನು ನಡೆದೆ. ಅಷ್ಟರಲ್ಲಿ ಕೆಂಪಾಗಿತ್ತು. ಮರದ ಕೆಳಗಿದ್ದ ಪೇದೆ ನಂಬರ್ ಬರೆದುಕೊಂಡದ್ದು ನನಗೆ ಕಾಣಲಿಲ್ಲ.

ಅಪ್ಪ ನನ್ನನ್ನು ಬೈಯಲಿಲ್ಲ. ಗೋಡೆಗೊರಗಿ ಕೂತು, "ಹೋಯ್ತು ಬಿಡು, ಐವತ್ತು," ಎಂದ.

ಈ ಹೆದರಿಕೆ ಹುಟ್ಟಿಸಿದವಳು ನಾನೇ. ಕೆಲವು ತಿಂಗಳ ಹಿಂದೆ ಊಟಕ್ಕೆ ಕೂತಾಗ ನನ್ನ ಓದಿನ ಗತ್ತು ತೋರಿಸುತ್ತಾ, ಫಾರಿನ್ನಿನಲ್ಲಿ ಒಂದು ಸಲ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಕಾರಿನ ಇನ್ಶೂರೆನ್ಸ್ ಏರಿಸಿಬಿಡುತ್ತಾರಂತೆ ಎಂದು ಆಫೀಸಿಗೆ ಬರುವ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದ್ದೆ. ಅಪ್ಪ ಅದರಲ್ಲಿ ಫಾರಿನ್ ಅನ್ನುವುದೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನೆನಪಿಟ್ಟುಕೊಂಡಿದ್ದ.

"ಅದು ಇಲ್ಲಿದಲ್ಲ," ಎಂದರೆ, "ನಿಂಗೆ ಗೊತ್ತಾ?" ಎಂದು ಕೇಳಿದ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ಡಿಗ್ರಿಯಲ್ಲಿ ಇನ್ಶೂರೆನ್ಸ್ ಎಂದು ಒಂದು ಪಾಠವೇ ಇತ್ತು. ಅದರಲ್ಲಿ ಬರುತ್ತಿದ್ದದ್ದು ಹಡಗು ಮುಳುಗುವ ವಿಷಯ, ಹಲಸೂರಿನ ಸಿಗ್ನಲ್ ಅಲ್ಲ.

ಅವ್ವ ತನ್ನ ಉಪಾಯ ಹೇಳಿದಳು. "ಮೊದ್ಲು ಇನ್ಶೂರೆನ್ಸ್ ಕಟ್ಟಿ ಬನ್ನಿ. ದಂಡ ಆಮೇಲೆ ಕಟ್ಟಿದ್ರಾಯ್ತು. ಅವ್ರಿಗೇನು ಕನಸು ಬೀಳುತ್ತಾ?"

"ಕದ್ದು ತಗೊಂಡ್ರೆ ಅದು ಬೋನಸ್ಸೇನೇ?" ಎಂದ ಅಪ್ಪ.

ನಾನು ಪಾಲಿಸಿ ಹಾಳೆಗಳನ್ನೂ ಡಿಕ್ಷನರಿಯನ್ನೂ ಹರಡಿಕೊಂಡು ಕೂತೆ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳನ್ನು ಎರಡು ಸಂಜೆ ಓದಿದೆ. ದಂಗೆ, ಭೂಕಂಪ, ಯುದ್ಧ, ಪ್ರವಾಹ ಎಲ್ಲ ಇತ್ತು, ಸಿಗ್ನಲ್ ಇರಲಿಲ್ಲ. "ಎಲ್ಲೂ ಬರೆದಿಲ್ಲ ಅಪ್ಪ. ಬೋನಸ್ ಹೋಗೋದು ಕ್ಲೇಮ್ ಮಾಡಿದ್ರೆ ಮಾತ್ರ," ಎಂದೆ.

"ಬರೆದಿಲ್ಲ ಅಂದ್ಮಾತ್ರಕ್ಕೆ ಇಲ್ಲ ಅಂತಾನಾ? ನಿನ್ನ ಮಾರ್ಕ್ಸ್ ಕಾರ್ಡಲ್ಲಿ ಕಾಪಿ ಹೊಡೀಬಾರ್ದು ಅಂತ ಬರೆದಿದಾರಾ?"

ಮೂರು ಸಲ ಕೂತು ಪಾಸು ಮಾಡಿದ ನಾನು ಡಿಕ್ಷನರಿ ಮುಚ್ಚಿಟ್ಟೆ.

ಸೋಮವಾರ ನಾನು ರಜೆ ಹಾಕಿದೆ. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟ. ಕೆ.ಆರ್.ಪುರದ ತೂಗು ಸೇತುವೆ ಆಗ ಹೊಸದು, ಅದರ ಮೇಲೆ ಅಪ್ಪ ಇನ್ನೂ ನಿಧಾನ. ಮೊದಲು ಹಲಸೂರಿನಲ್ಲಿ ದಂಡ ಕಟ್ಟಿದೆವು. ರಸೀದಿ ಹರಿಯುತ್ತಾ ಪೊಲೀಸಿನವರು, "ಓಡಿಸ್ತಿದ್ದದ್ದು ಯಾರು ಯಜಮಾನ್ರೇ?" ಎಂದರು. ಅಪ್ಪ, "ಗಾಡಿ ನಂದು ಸಾರ್," ಎಂದ. ನಾನು, "ಓಡಿಸಿದ್ದು ನಾನು," ಎಂದೆ. "ಇಬ್ರೂ ಒಪ್ಕೊಂಡ್ರೂ ಒಂದೇ ದಂಡ. ಹೋಗ್ಬನ್ನಿ," ಎಂದರು.

ಅಲ್ಲಿಂದ ಶಿವಾಜಿನಗರದ ಹತ್ತಿರದ ಇನ್ಶೂರೆನ್ಸ್ ಆಫೀಸಿಗೆ ಹೋದೆವು. ಕೌಂಟರಿನಲ್ಲಿದ್ದವರು ಕನ್ನಡಕವನ್ನು ಹಣೆಗೇರಿಸಿಕೊಂಡ, ಮನೆಯಲ್ಲಿ ತಮಿಳು ಮಾತಾಡುವ ಹಿರಿಯ ಗುಮಾಸ್ತರು. ಪ್ರತಿ ವರ್ಷವೂ ಅವರೇ ಇರುತ್ತಿದ್ದರು. ಕಳೆದ ವರ್ಷ ಕ್ಲೇಮ್ ಮಾಡಿಲ್ಲ ಎಂದು ಸಹಿ ಹಾಕುವ ಫಾರಂ ಮುಂದೆ ತಳ್ಳಿದರು. ಅಪ್ಪ ಅದನ್ನು ಮುಟ್ಟಲಿಲ್ಲ.

"ಬೋನಸ್ ಹಾಕೋ ಮುಂಚೆ ಒಂದು ವಿಷ್ಯ ಸಾರ್. ನಮ್ ಗಾಡಿ ಮೇಲೆ ಕೇಸಾಗಿದೆ."

ಅವರ ಕನ್ನಡಕ ಮೂಗಿಗೆ ಇಳಿಯಿತು. "ಆಕ್ಸಿಡೆಂಟಾ?"

"ಇಲ್ಲ, ಸಿಗ್ನಲ್."

"ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ."

"ಗಾಡಿಗೆ?"

"ಇಲ್ಲ."

"ಕ್ಲೇಮ್ ಬೇಕಾ?"

"ಬ್ಯಾಡ ಸಾರ್, ಬ್ಯಾಡ."

"ಮತ್ತೆ ನನ್ಹತ್ರ ಯಾಕೆ ಹೇಳ್ತಿದೀರ ಯಜಮಾನ್ರೇ? ಕನ್ಫೆಶನ್ ಕೇಳೋಕೆ ನಾನೇನು ಚರ್ಚ್ ಫಾದರಾ? ಅದು ಪೊಲೀಸ್ನೋರ ಸಮಾಚಾರ, ಇದು ನಮ್ದು. ಲೈಸೆನ್ಸ್ ಇಲ್ದೆ ಓಡ್ಸಿ ಗುದ್ದಿ, ಆಮೇಲೆ ಬಂದು ದುಡ್ಡು ಕೇಳಿದ್ರೆ ಆಗ ಬೇರೆ ಮಾತು. ನಿಮ್ಮ ಐವತ್ತು ಎಲ್ಲೂ ಹೋಗಿಲ್ಲ. ಸೈನ್ ಹಾಕಿ."

ನನಗೆ ಸಮಾಧಾನವಾಯಿತು. ಓದಿದ್ದು ತಪ್ಪಾಗಿರಲಿಲ್ಲವಲ್ಲ ಎಂಬ ಹೆಮ್ಮೆಯೂ ಸ್ವಲ್ಪ. ಆದರೆ ಅಪ್ಪನ ಮುಖ ಅರಳಲಿಲ್ಲ.

"ಹಂಗಾದ್ರೆ ಸಾರ್, ಸಿಗ್ನಲ್ ಸಿಗ್ನಲ್ಲಲ್ಲೂ ನುಗ್ಗಿಕೊಂಡು ಹೋಗೋನಿಗೂ ಐವತ್ತು, ನಂಗೂ ಐವತ್ತಾ?"

"ಕ್ಲೇಮ್ ಮಾಡ್ಲಿಲ್ಲ ಅಂದ್ರೆ ಅವನಿಗೂ ಐವತ್ತೇ."

"ಇಷ್ಟು ವರ್ಷ ನಾನು ನೆಟ್ಟಗೆ ಓಡ್ಸಿದ್ದು ನಿಮ್ ಪುಸ್ತಕದಲ್ಲಿ ಎಲ್ಲೂ ಇಲ್ವಾ?"

"ಅದಕ್ಕೆ ಕಾಲಮ್ ಇಲ್ಲ ಯಜಮಾನ್ರೇ," ಎಂದರು ಅವರು, ಈ ಸಲ ಸ್ವಲ್ಪ ಮೆತ್ತಗೆ.

ಅಪ್ಪ ಫಾರಂ ಹತ್ತಿರಕ್ಕೆ ಎಳೆದುಕೊಂಡ. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿದ. ಅಷ್ಟಕ್ಕೇ ಕೈ ನಿಲ್ಲಲಿಲ್ಲ. ಸಹಿಯ ಕೆಳಗೆ, ಖಾಲಿ ಜಾಗದಲ್ಲಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಬರೆಯತೊಡಗಿದ. ನಮ್ಮ ಹಿಂದೆ ಕ್ಯೂ ಬೆಳೆಯುತ್ತಿತ್ತು. ನಾನು ಬಗ್ಗಿ ನೋಡಿದೆ. 'ನನ್ನ ಮಗಳು ಒಂದು ಸಿಗ್ನಲ್ ದಾಟಿದಾಳೆ. ದಂಡ ಕಟ್ಟಿದೀವಿ. ಅದಕ್ಕೆ ಮುಂಚೆ ಒಂದೂ ಇಲ್ಲ.'

ಗುಮಾಸ್ತರು ಫಾರಂ ತಿರುಗಿಸಿಕೊಂಡು ತುಟಿ ಅಲ್ಲಾಡಿಸುತ್ತಾ ಓದಿದರು. "ಬರೆಯೋದೇ ಬರ್ದ್ರಿ, ಮಗಳ ಹೆಸರೂ ಬರೀರಿ," ಎಂದರು ತಮಾಷೆಗೆ.

"ಹೆಸರು ಬ್ಯಾಡ ಸಾರ್. ಇನ್ನೂ ಮದುವೆ ಆಗ್ಬೇಕಾದೋಳು," ಎಂದು ಅಪ್ಪ ಪೆನ್ನಿನ ಕ್ಯಾಪು ಹಾಕಿದ.

ಅವರು ನಗಲಿಲ್ಲ. ಸೀಲು ತೆಗೆದು ಇಂಕಿನ ಪ್ಯಾಡಿಗೆ ಒತ್ತಿ, ಅಪ್ಪನ ಸಹಿಯ ಪಕ್ಕ ಒಂದು, ಕೆಳಗಿನ ಮೂರು ಸಾಲಿನ ಪಕ್ಕ ಇನ್ನೊಂದು ಹೊಡೆದರು. ಫಾರಂ ಫೈಲಿಗೆ ಹೋಯಿತು. ಅಪ್ಪ ಅದು ಒಳಗೆ ಹೋಗುವವರೆಗೂ ನೋಡುತ್ತಾ ನಿಂತಿದ್ದ.

ನಮ್ಮ ಹಿಂದೆ ಹೆಲ್ಮೆಟ್ ಹಿಡಿದು ನಿಂತಿದ್ದ ಒಬ್ಬ ಕತ್ತು ಉದ್ದ ಮಾಡಿ ಕೇಳಿದ: "ಸಾರ್, ನಾವೂ ಬರೀಬೇಕಾ? ನಾನು ದಾಟಿರೋ ಸಿಗ್ನಲ್‌ಗೆಲ್ಲ ಆ ಜಾಗ ಸಾಲಲ್ಲ."

ಅಪ್ಪ ತಿರುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಜೇಬಿಗೆ ಸಿಕ್ಕಿಸಿದ್ದ ಪೆನ್ನನ್ನು ಮತ್ತೆ ತೆಗೆದು ಅವನ ಮುಂದೆ ಹಿಡಿದ.